ಹಳೆಯ ಲಾರಿಯ ಪ್ಲಗ್ ವೈರ್ ಎಳೆಯುವ ಕೆಲಸ: ಬಿಚ್ಚುವುದರಿಂದ ಏರಿನ ಪರೀಕ್ಷೆಯವರೆಗೆ

"ಎಂಜಿನ್ ಪೂರ್ತಿ ಬಿಚ್ಚಿ ಬೋರ್ ಮಾಡಿಸಿದ್ದೇನೆ, ಹೊಸ ರಿಂಗ್ ಹಾಕಿಸಿದ್ದೇನೆ, ಕಾರ್ಬುರೇಟರ್ ತೊಳೆದು ಕೂಡಿಸಿದ್ದೇನೆ. ಸೆಲ್ಫ್ ಹೊಡೆದರೆ ಢಬ್ ಎಂದು ಕಾರ್ಬುರೇಟರಿನ ಬಾಯಿಂದ ಬೆಂಕಿ ಬರುತ್ತದೆ. ಫೈರಿಂಗ್ ಆರ್ಡರ್ ಮಾತ್ರ ಸರಿಯಾಗಿಯೇ ಇದೆ." ಹುಬ್ಬಳ್ಳಿಯ ಹೊರವಲಯದ ನನ್ನ ಶೆಡ್ಡಿಗೆ ಬರುವವರು ಹೆಚ್ಚುಕಡಿಮೆ ಇದೇ ಮಾತುಗಳನ್ನು ಇದೇ ಕ್ರಮದಲ್ಲಿ ಹೇಳುತ್ತಾರೆ. ಅವರ ಕೊನೆಯ ವಾಕ್ಯ ಬಹುತೇಕ ನಿಜವೇ ಆಗಿರುತ್ತದೆ. ಸಿಲಿಂಡರ್‌ಗಳಲ್ಲಿ ಕಿಡಿ ಹಾರುವ ಆ ಸರದಿಯ ಆರು ಅಂಕಿಗಳು ಎಲ್ಲರಿಗೂ ಬಾಯಿಪಾಠ. ಆ ಸರದಿಯನ್ನು ಡಿಸ್ಟ್ರಿಬ್ಯೂಟರಿನ (ಪ್ಲಗ್‌ಗಳಿಗೆ ಕಿಡಿ ಹಂಚುವ ಡಬ್ಬಿಯ) ಮುಚ್ಚಳವಾದ ಕ್ಯಾಪಿನಲ್ಲಿ, ವೈರ್ ಕೂರುವ ಯಾವ ಗೂಡಿನಿಂದ ಎಣಿಸಬೇಕು, ಯಾವ ಕಡೆಗೆ ಎಣಿಸಬೇಕು ಎಂಬುದನ್ನು ಮಾತ್ರ ಯಾರೂ ಎಂಜಿನ್ನನ್ನೇ ಕೇಳಿರುವುದಿಲ್ಲ. ಎರಡನೆಯ ಗುಂಪಿನವರ ಎಂಜಿನ್ ಏಳುತ್ತದೆ, ಆದರೆ ಮಳೆ ಬಂದ ದಿನ ಅಥವಾ ಏರು ಹತ್ತುವಾಗ ಮಿಸ್ ಹೊಡೆಯುತ್ತದೆ, ಅಂದರೆ ನಡುನಡುವೆ ಉರಿ ತಪ್ಪುತ್ತದೆ. ಬಾನೆಟ್ ಎತ್ತಿ ನೋಡಿದರೆ ಆರೂ ವೈರ್‌ಗಳನ್ನು ಮದುವಣಗಿತ್ತಿಯ ಜಡೆಯಂತೆ ಬಿಗಿದು ಕಟ್ಟಿರುತ್ತಾರೆ.

ಈ ಬರಹ ಆ ಎರಡೂ ಗುಂಪಿನವರಿಗಾಗಿ. ಉದಾಹರಣೆಗೆ 1940ರ ದಶಕದ ಷೆವ್ರೊಲೆ ಲಾರಿಯ 216 ಘನ ಇಂಚಿನ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಹಿಡಿದುಕೊಂಡಿದ್ದೇನೆ. ಡಾಜ್, ಫಾರ್ಗೊ, ಫೋರ್ಡ್ ವಿ-8, ವಿಲ್ಲೀಸ್ ಜೀಪ್ ಇರುವವರಿಗೆ ವ್ಯತ್ಯಾಸಗಳನ್ನು ಅಲ್ಲಲ್ಲೇ ಹೇಳುತ್ತೇನೆ. ಡೀಸೆಲ್ ಎಂಜಿನ್‌ನವರಿಗೆ ಇಲ್ಲಿ ಕೆಲಸವಿಲ್ಲ; ಅವರಿಗೆ ಕಿಡಿಯ ಪ್ಲಗ್ಗೇ ಇಲ್ಲ.

ಮೊದಲು ಸಾಮಾನು ಜೋಡಿಸಿಕೊಳ್ಳಿ

ಪ್ಲಗ್ ಪಾನಾ, ಪ್ಲಗ್ಗಿನ ಸಂದಿ ಅಳೆಯುವ ಫೀಲರ್ ಗೇಜ್, ಮಲ್ಟಿಮೀಟರ್, ವೈರ್ ಸಿಪ್ಪೆ ಸುಲಿಯಲು ಹರಿತವಾದ ಚಾಕು, ಟರ್ಮಿನಲ್ ಒತ್ತುವ ಕ್ರಿಂಪಿಂಗ್ ಇಕ್ಕಳ, ಎಂಜಿನ್ ತಿರುಗಿಸುವ ಹ್ಯಾಂಡಲ್. ಇವುಗಳ ಜೊತೆ ಬಿಳಿ ಬಟ್ಟೆಯ ಟೇಪು, ಅಳಿಸಿಹೋಗದ ಮಾರ್ಕರ್ ಪೆನ್ನು, ಎರಡು ಮೀಟರ್ ಸುತಲಿ. ಸುತಲಿ ಯಾಕೆ ಎಂಬುದು ಆರನೇ ಹಂತದಲ್ಲಿ ತಿಳಿಯುತ್ತದೆ. ರಬ್ಬರ್ ಗ್ರೋಮೆಟ್ (ತೂತಿನ ಅಂಚಿಗೆ ಹಾಕುವ ಬಳೆ) ಮತ್ತು ಸಿಲಿಕಾನ್ ಗ್ರೀಸ್ ದುರ್ಗದಬೈಲಿನ ಕಡೆ ಸಿಗದಿದ್ದರೆ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸಿ.

ಇಕ್ಕಳದ ವಿಷಯದಲ್ಲಿ ಕಂಜೂಸುತನ ಬೇಡ. ಸಾಮಾನ್ಯ ಇಕ್ಕಳದಿಂದ ಚಪ್ಪಟೆ ಮಾಡಿದ ಟರ್ಮಿನಲ್ ಮೊದಲ ವಾರ ಹಿಡಿದುಕೊಂಡಿರುತ್ತದೆ. ಎಂಜಿನ್ನಿನ ನಡುಕಕ್ಕೆ ಆಮೇಲೆ ಸಡಿಲವಾಗುತ್ತದೆ.

ಹಂತ 1: ಬಿಚ್ಚುವ ಮೊದಲು ಗುರುತು ಹಾಕಿ, ಆದರೆ ಅದನ್ನು ನಂಬಬೇಡಿ

ಬ್ಯಾಟರಿಯ ಅರ್ಥ್ ತಂತಿ ತೆಗೆಯಿರಿ. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಗಾಲಿಗೆ ಕಲ್ಲು ಕೊಡಿ. ಪ್ರತಿ ವೈರಿನ ಎರಡೂ ತುದಿಗೆ ಟೇಪು ಸುತ್ತಿ ಸಿಲಿಂಡರ್ ಸಂಖ್ಯೆ ಬರೆಯಿರಿ. ಒಂದೇ ತುದಿಗೆ ಬರೆದರೆ ಬರೆಯದಂತೆಯೇ. ರೇಡಿಯೇಟರಿನ ಕಡೆ ಇರುವುದು ಒಂದನೇ ಸಿಲಿಂಡರ್, ಚಾಲಕನ ಕಡೆ ಇರುವುದು ಆರನೆಯದು. ಮೇಲಿನಿಂದ, ಎರಡು ಪಕ್ಕಗಳಿಂದ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಕ್ಲಿಪ್‌ಗಳು, ಬ್ರ್ಯಾಕೆಟ್‌ಗಳು ಎಲ್ಲಿದ್ದವು ಎಂಬುದು ಫೋಟೊದಲ್ಲಿ ಕಾಣಬೇಕು.

ಈ ಗುರುತು ವೈರ್ ಹೋಗುವ ದಾರಿಗೆ ಸಾಕ್ಷಿ, ಸರದಿಗೆ ಅಲ್ಲ. ಎಪ್ಪತ್ತು ವರ್ಷ ದಾಟಿದ ಲಾರಿಯ ಡಿಸ್ಟ್ರಿಬ್ಯೂಟರನ್ನು ಎಷ್ಟು ಜನ ಬಿಚ್ಚಿ ಎಷ್ಟು ಬಗೆಯಲ್ಲಿ ಕೂಡಿಸಿದ್ದಾರೋ ಯಾರಿಗೆ ಗೊತ್ತು? ಗದಗಿನ ಕಡೆಯ ಒಬ್ಬ ಹಿರಿಯ ಮಿಸ್ತ್ರಿ ನನ್ನ ಟೇಪಿನ ಚೀಟಿಗಳನ್ನು ನೋಡಿ ನಕ್ಕಿದ್ದರು. "ತಮ್ಮಾ, ಎಂಜಿನ್ನಿಗೆ ಓದಲು ಬರುವುದಿಲ್ಲ. ನೀನು ಬರೆದದ್ದು ಅದಕ್ಕೆ ಗೊತ್ತಾಗಬೇಕಲ್ಲ?" ಅಂದು ಚೀಟಿಯನ್ನೇ ನಂಬಿ ಕೂಡಿಸಿದ್ದ ನಾನು ಒಂದು ಇಡೀ ಭಾನುವಾರ ಕಳೆದುಕೊಂಡಿದ್ದೆ.

ಹಳೆಯ ವೈರ್ ಎಳೆಯುವಾಗ ವೈರನ್ನು ಹಿಡಿದು ಜಗ್ಗಬೇಡಿ. ಪ್ಲಗ್ಗಿನ ಮೇಲಿನ ರಬ್ಬರ್ ಟೋಪಿಯನ್ನು ಹಿಡಿದು, ಅತ್ತಿತ್ತ ಸ್ವಲ್ಪ ತಿರುಚಿ, ನೇರವಾಗಿ ಎತ್ತಿ. ಬಿಸಾಡುವ ವೈರ್ ತಾನೇ ಎಂದು ಜಗ್ಗಿದರೆ ಕ್ಯಾಪಿನ ಗೂಡಿನ ಬಾಯಿ ಸೀಳುತ್ತದೆ. ಹೊಸ ಕ್ಯಾಪ್ ಹುಡುಕಲು ಆಮೇಲೆ ತಿಂಗಳುಗಟ್ಟಲೆ ಅಲೆಯಬೇಕು.

ಹಂತ 2: ಸರಿಯಾದ ವೈರ್ ಆರಿಸುವುದು

ಪಾಯಿಂಟ್ (ಡಿಸ್ಟ್ರಿಬ್ಯೂಟರಿನೊಳಗೆ ಕರೆಂಟು ಕೂಡಿಸಿ ಕಡಿಯುವ ಸಣ್ಣ ಸ್ವಿಚ್ಚು) ಇರುವ ಹಳೆಯ ಇಗ್ನಿಷನ್ನಿಗೆ 7 ಮಿಲಿಮೀಟರ್ ದಪ್ಪದ, ಒಳಗೆ ತಾಮ್ರದ ಎಳೆಗಳಿರುವ ವೈರ್ ಸಾಕು. 8 ಮಿಲಿಮೀಟರಿನದು ಇನ್ನೂ ಒಳ್ಳೆಯದು ಎಂದು ಅಂಗಡಿಯವರು ಹೇಳಬಹುದು. ಅದು ಹಳೆಯ ಕ್ಲಿಪ್‌ಗಳಲ್ಲಿ ಹಿಡಿಯುವುದಿಲ್ಲ. ತುರುಕಿದರೆ ಕ್ಲಿಪ್ಪಿನ ಅಂಚು ಸಿಪ್ಪೆಯನ್ನು ಕೊಯ್ಯುತ್ತದೆ.

ಒಳಗೆ ಕಾರ್ಬನ್ ಲೇಪದ ನಾರಿರುವ ವೈರ್ ರೇಡಿಯೊದ ಗೊರಗೊರ ಸದ್ದು ತಡೆಯಲು ಬಂದದ್ದು. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಘಟಕ ಹಾಕಿಸಿದ್ದರೆ ಸಾಮಾನ್ಯವಾಗಿ ಇಂಥ ಪ್ರತಿರೋಧದ ವೈರ್ ಬೇಕು. ತಾಮ್ರದ ವೈರ್ ಹೊರಸೂಸುವ ಗದ್ದಲ ಆ ಘಟಕವನ್ನು ಕೆಡಿಸಬಹುದು. ಘಟಕದ ಜೊತೆ ಬಂದ ಕಾಗದ ಓದಿ. ಕೆಲವು ಬ್ರಿಟಿಷ್ ಎಂಜಿನ್ನುಗಳ ಕ್ಯಾಪಿನಲ್ಲಿ ವೈರ್ ಪಕ್ಕದಿಂದ ಒಳಹೋಗುತ್ತದೆ, ಮೊನಚು ಸ್ಕ್ರೂ ಅದನ್ನು ಚುಚ್ಚಿ ಹಿಡಿಯುತ್ತದೆ. ಅಂಥ ಕ್ಯಾಪಿಗೆ ಕಾರ್ಬನ್ ನಾರಿನ ವೈರ್ ಹಾಕಲೇಬೇಡಿ. ಸ್ಕ್ರೂ ನಾರನ್ನು ಹರಿಯುತ್ತದೆ, ಹರಿದ ಜಾಗ ಒಳಗೊಳಗೇ ಸುಟ್ಟುಹೋಗುತ್ತದೆ.

ಹಳೆಯ ವೈರ್ ಚೆನ್ನಾಗಿ ಕಾಣುತ್ತಿದೆ, ಅದನ್ನೇ ಬಳಸಬಹುದೇ ಎಂದು ಕೇಳುತ್ತಾರೆ. ವೈರನ್ನು ಬೆರಳಿಗೆ ಸುತ್ತಿ ಬಗ್ಗಿಸಿ ಬೆಳಕಿಗೆ ಹಿಡಿಯಿರಿ. ಕೂದಲೆಳೆಯಷ್ಟು ಬಿರುಕು ಕಂಡರೂ ತೆಗೆದುಹಾಕಿ. ಹಾವೇರಿ ಕಡೆ ಗೋವಿನಜೋಳದ ಗೋದಾಮಿನ ಪಕ್ಕದಲ್ಲಿ ನಿಂತಿದ್ದ ಲಾರಿಯಾದರೆ ಇಲಿಯ ಹಲ್ಲಿನ ಗುರುತು ಕೂಡ ಹುಡುಕಿ. ಅವು ವೈರಿನ ಕೆಳಮೈಯನ್ನೇ ಕಡಿದಿರುತ್ತವೆ, ಮೇಲಿನಿಂದ ಕಾಣುವುದಿಲ್ಲ.

ಹಂತ 3: ಒಂದನೇ ಸಿಲಿಂಡರಿನ ಕಂಪ್ರೆಷನ್ ಹುಡುಕುವುದು

ಬಹುಪಾಲು ಎಡವಟ್ಟು ನಡೆಯುವುದು ಇಲ್ಲಿಯೇ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪಿಸ್ಟನ್ ಒಂದು ಸುತ್ತಿನ ಕೆಲಸಕ್ಕೆ ಎರಡು ಸಲ ಮೇಲಕ್ಕೆ ಬರುತ್ತದೆ. ಒಮ್ಮೆ ಗಾಳಿ-ಪೆಟ್ರೋಲನ್ನು ಅದುಮುತ್ತ, ಇನ್ನೊಮ್ಮೆ ಹೊಗೆಯನ್ನು ಹೊರದೂಡುತ್ತ. ನಮಗೆ ಬೇಕಾದದ್ದು ಮೊದಲಿನದು, ಅದೇ ಕಂಪ್ರೆಷನ್. ಫ್ಲೈವೀಲಿನ ಗುರುತು ಎರಡು ಸಲವೂ ಒಂದೇ ಜಾಗಕ್ಕೆ ಬರುವುದರಿಂದ ಬರೀ ಗುರುತು ನೋಡಿ ನಿರ್ಧರಿಸಿದವರಲ್ಲಿ ಅರ್ಧ ಜನ ತಪ್ಪುತ್ತಾರೆ.

ಆರೂ ಪ್ಲಗ್ ಬಿಚ್ಚಿ. ಒಂದನೇ ಸಿಲಿಂಡರಿನ ತೂತಿಗೆ ಹಳೆಯ ವೃತ್ತಪತ್ರಿಕೆಯ ತುಂಡನ್ನು ಉಂಡೆ ಮಾಡಿ ಸಡಿಲವಾಗಿ ಇಡಿ. ಉಂಡೆ ತೂತಿಗಿಂತ ದೊಡ್ಡದಾಗಿರಲಿ, ಒಳಗೆ ಬೀಳಬಾರದು. ಜೊತೆಗಾರನೊಬ್ಬ ಹ್ಯಾಂಡಲ್ ಹಾಕಿ ನಿಧಾನವಾಗಿ ತಿರುಗಿಸಲಿ. ಹೊಗೆ ಹೊರದೂಡುವ ಸುತ್ತಿನಲ್ಲಿ ಉಂಡೆ ಅಲ್ಲಾಡುವುದಿಲ್ಲ. ಅದುಮುವ ಸುತ್ತಿನಲ್ಲಿ ಪಟ್ ಎಂದು ಹಾರಿ ಮಡ್‌ಗಾರ್ಡಿಗೆ ಬಡಿಯುತ್ತದೆ. ಹೆಬ್ಬೆರಳಿಟ್ಟು ಒತ್ತಡ ನೋಡುವುದೂ ಇದೇ ಲೆಕ್ಕ. ಉಂಡೆ ಹಾರಿದ ಮೇಲೆ ಇನ್ನಷ್ಟೇ ತಿರುಗಿಸುತ್ತ ಫ್ಲೈವೀಲಿನ ಗುರುತಿಗೆ ತನ್ನಿ. ಷೆವ್ರೊಲೆಯಲ್ಲಿ ಸ್ಟಾರ್ಟರ್ ಮೋಟಾರಿನ ಬಳಿ ಫ್ಲೈವೀಲ್ ಹೌಸಿಂಗಿಗೆ ಒಂದು ಕಿಂಡಿ ಇದೆ. ಫ್ಲೈವೀಲಿನಲ್ಲಿ ಕೂಡಿಸಿದ ಸಣ್ಣ ಉಕ್ಕಿನ ಗುಂಡು ಅಲ್ಲಿ ಕಾಣಿಸಬೇಕು. ಗ್ರೀಸು, ಎರೆಮಣ್ಣು ಮೆತ್ತಿ ಅದು ಮುಚ್ಚಿಹೋಗಿದ್ದರೆ ಚಿಂದಿಯಿಂದ ಒರೆಸಿ, ಗುಂಡಿಗೆ ಬಿಳಿ ಬಣ್ಣದ ಚುಕ್ಕೆ ಇಡಿ.

ಟ್ಯಾಪೆಟ್ ಕವರ್ ತೆಗೆದಿದ್ದರೆ ಇನ್ನೊಂದು ಸಾಕ್ಷಿ ಸಿಗುತ್ತದೆ. ಒಂದನೆಯದರ ಎರಡೂ ವಾಲ್ವ್ ಮುಚ್ಚಿ ರಾಕರ್ ಸಡಿಲವಾಗಿರಬೇಕು. ಅದೇ ಹೊತ್ತಿಗೆ ಆರನೆಯದರಲ್ಲಿ ಒಂದು ವಾಲ್ವ್ ಮುಚ್ಚುತ್ತ ಇನ್ನೊಂದು ತೆರೆಯುತ್ತ ಇರಬೇಕು. ಇದಕ್ಕೆ ತದ್ವಿರುದ್ಧ ಕಂಡರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ. ಡಾಜ್, ಫಾರ್ಗೊದ ಫ್ಲಾಟ್‌ಹೆಡ್ (ವಾಲ್ವ್ ಹೆಡ್ಡಿನ ಬದಲು ಬ್ಲಾಕಿನಲ್ಲಿರುವ) ಎಂಜಿನ್ನಿನಲ್ಲಿ ಆರನೇ ಸಿಲಿಂಡರಿನ ಮೇಲೆ ಹೆಡ್ಡಿನಲ್ಲಿ ಒಂದು ಚಿಕ್ಕ ಬಿರಡೆ ಇರುತ್ತದೆ. ಅದನ್ನು ಬಿಚ್ಚಿ ಕಡ್ಡಿ ಇಳಿಸಿ ಪಿಸ್ಟನ್ ಮೇಲೆ ಬಂದದ್ದನ್ನು ನೋಡಬಹುದು. ಒಂದು ಮತ್ತು ಆರು ಒಟ್ಟಿಗೇ ಮೇಲೆ ಬರುತ್ತವೆ. ಕಡ್ಡಿ ಉದ್ದವಾಗಿರಲಿ, ಒಳಗೆ ಬೀಳದಂತೆ ಇರಲಿ. ಆದರೆ ಅದು ಪಿಸ್ಟನ್ನಿನ ಎತ್ತರವನ್ನಷ್ಟೇ ಹೇಳುತ್ತದೆ. ಕಂಪ್ರೆಷನ್ನಿಗೆ ಕಾಗದದ ಉಂಡೆಯೇ ಸಾಕ್ಷಿ.

ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಬೇಕು, ಎದುರು ಬದಿಗೆ ಸುತ್ತಿಕೊಳ್ಳಬಾರದು. ಕೆಳಗೆ ಒತ್ತುವ ಬದಲು ಮೇಲಕ್ಕೆ ಎಳೆಯಿರಿ. ಪ್ಲಗ್ ಬಿಚ್ಚಿದಾಗ ಅಪಾಯ ಕಡಿಮೆ, ಆದರೆ ಪ್ಲಗ್ ಹಾಕಿ ಇಗ್ನಿಷನ್ ಆನ್ ಇದ್ದಾಗ ಹ್ಯಾಂಡಲ್ ತಿರುಗಿ ಒದ್ದರೆ ಮಣಿಕಟ್ಟು ಮುರಿಯುತ್ತದೆ. ರೂಢಿಯನ್ನು ಈಗಲೇ ಮಾಡಿಕೊಳ್ಳಿ.

ಹಂತ 4: ರೋಟರ್ ಎಲ್ಲಿ ನೋಡುತ್ತಿದೆ, ಯಾವ ಕಡೆ ತಿರುಗುತ್ತದೆ

ಎಂಜಿನ್ ಅಲ್ಲಾಡಿಸದೆ ಕ್ಯಾಪ್ ತೆಗೆಯಿರಿ. ಒಳಗೆ ತಿರುಗುತ್ತ ಗೂಡಿನಿಂದ ಗೂಡಿಗೆ ಕಿಡಿ ಹಂಚುವ ರೋಟರಿನ ಹಿತ್ತಾಳೆ ಮೂತಿ ಈಗ ನೋಡುತ್ತಿರುವ ಕಡೆಯೇ ಒಂದನೇ ಸಿಲಿಂಡರಿನ ಗೂಡು. ಡಿಸ್ಟ್ರಿಬ್ಯೂಟರಿನ ಹೊರಮೈ ಮೇಲೆ ಆ ನೇರಕ್ಕೆ ಮಾರ್ಕರಿನಿಂದ ಗೆರೆ ಎಳೆಯಿರಿ. ಪುಸ್ತಕದಲ್ಲಿ ಒಂದನೇ ಗೂಡು ಬೇರೆ ಕಡೆ ತೋರಿಸಿದ್ದರೆ ಗಾಬರಿ ಬೇಡ. ಹಿಂದೆ ಯಾರೋ ಡಿಸ್ಟ್ರಿಬ್ಯೂಟರನ್ನು ಹಲ್ಲು ಬದಲಿಸಿ ಇಳಿಸಿದ್ದಾರೆ ಅಷ್ಟೆ. ಕ್ಯಾಪ್ ಕೂತು ಟೈಮಿಂಗ್ (ಕಿಡಿ ಹಾರುವ ಹೊತ್ತು) ಹೊಂದಿಸಲು ಎರಡೂ ಕಡೆ ಜಾಗ ಉಳಿಯುವುದಾದರೆ ಹಾಗೆಯೇ ಓಡುತ್ತದೆ.

ಇನ್ನು ದಿಕ್ಕು. ರೋಟರನ್ನು ಎರಡು ಬೆರಳಿನಿಂದ ಹಿಡಿದು ಮೆಲ್ಲಗೆ ಎರಡೂ ಕಡೆ ತಿರುಚಿ ನೋಡಿ. ಒಂದು ಕಡೆಗೆ ಅದು ಜಪ್ಪಯ್ಯ ಅನ್ನುವುದಿಲ್ಲ. ಇನ್ನೊಂದು ಕಡೆಗೆ ಸ್ಪ್ರಿಂಗಿನ ಬಿಗಿಯ ಎದುರು ತುಸು ಸರಿದು, ಬಿಟ್ಟಕೂಡಲೇ ಹಿಂದಕ್ಕೆ ಬರುತ್ತದೆ. ಸರಿದ ಕಡೆಯೇ ಅದು ತಿರುಗುವ ದಿಕ್ಕು. ಹಿಂದಕ್ಕೆ ಬರದಿದ್ದರೆ ವೇಗ ಹೆಚ್ಚಿದಂತೆ ಕಿಡಿಯನ್ನು ಬೇಗ ಹಾರಿಸುವ ಒಳಗಿನ ಅಡ್ವಾನ್ಸ್ ತೂಕಗಳು ಗ್ರೀಸ್ ಒಣಗಿ ಹಿಡಿದುಕೊಂಡಿವೆ, ಅದನ್ನು ಮೊದಲು ಬಿಚ್ಚಿ ತೊಳೆಯಿರಿ. ಕೊನೆಗೆ ಹ್ಯಾಂಡಲಿನಿಂದ ಒಂದು ಸುತ್ತು ತಿರುಗಿಸಿ ಕಣ್ಣಾರೆ ನೋಡಿ ಖಚಿತ ಮಾಡಿಕೊಳ್ಳಿ.

ಷೆವ್ರೊಲೆ ಆರು ಸಿಲಿಂಡರಿನಲ್ಲಿ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ, ಡಾಜ್‌ನದೂ ಹಾಗೆಯೇ. ವಿಲ್ಲೀಸ್ ಜೀಪಿನ ನಾಲ್ಕು ಸಿಲಿಂಡರಿನದು ಇದಕ್ಕೆ ಉಲ್ಟಾ. ಜೀಪಿನ ಮೇಲೆ ಕೈ ಪಳಗಿಸಿಕೊಂಡವರು ಲಾರಿಗೆ ಬಂದಾಗ ಎಡವುವುದು ಇಲ್ಲಿ.

ಹಂತ 5: ಕ್ಯಾಪನ್ನು ಓದುವುದು

ಕ್ಯಾಪನ್ನು ಒಣ ಬಟ್ಟೆಯಿಂದ ಒರೆಸಿ ಬಿಸಿಲಿಗೆ ಹಿಡಿದು ಒಳಮೈ ನೋಡಿ. ಒಂದು ಗೂಡಿನಿಂದ ಇನ್ನೊಂದಕ್ಕೆ ಪೆನ್ಸಿಲಿನಿಂದ ಬೇರು ಬರೆದಂತೆ ವಂಕಿವಂಕಿಯಾದ ಕಪ್ಪು ಗೆರೆ ಇದೆಯೇ? ಅದು ಕೊಳೆಯಲ್ಲ, ಕಿಡಿ ಸುಟ್ಟು ಮಾಡಿಕೊಂಡ ದಾರಿ. ಕೆರೆದು ಬಳಸಬೇಡಿ. ಎರಡು ದಿನ ಸರಿಯಿದ್ದು ಮತ್ತೆ ಅದೇ ದಾರಿಯಲ್ಲಿ ಹರಿಯುತ್ತದೆ. ಕ್ಯಾಪ್ ಬದಲಿಸಿ. ನಡುವಿನ ಕಾರ್ಬನ್ ಗುಬಟು ಒತ್ತಿದರೆ ಒಳಹೋಗಿ ಹೊರಬರಬೇಕು. ಗೂಡಿನ ತಳದಲ್ಲಿ ಹಸಿರು ಅಥವಾ ಬಿಳಿ ಪುಡಿ ಇದ್ದರೆ ಪಾಲಿಶ್ ಪೇಪರನ್ನು ಬೀಡಿಯಂತೆ ಸುರುಳಿ ಮಾಡಿ ಒಳಗೆ ತಿರುಗಿಸಿ ಹೊಳಪು ಬರಿಸಿ.

ಕ್ಯಾಪ್ ಕೂಡಿಸಿ, ನಿಮ್ಮ ಗೆರೆಯ ನೇರಕ್ಕಿರುವ ಗೂಡಿಗೆ 1 ಎಂದು ಬರೆಯಿರಿ. ಅಲ್ಲಿಂದ ರೋಟರ್ ತಿರುಗುವ ಕಡೆಗೆ 5, 3, 6, 2, 4. ಷೆವ್ರೊಲೆ, ಡಾಜ್, ಫಾರ್ಗೊ, ಮೂರಕ್ಕೂ ಇದೇ ಸರದಿ. ಜೀಪಿಗೆ 1, 3, 4, 2. ಫೋರ್ಡ್‌ನ ಫ್ಲಾಟ್‌ಹೆಡ್ ವಿ-8ಕ್ಕೆ 1, 5, 4, 8, 6, 3, 7, 2. ಅದರಲ್ಲಿ ಚಾಲಕನ ಸೀಟಿನಲ್ಲಿ ಕೂತವರ ಬಲಗಡೆಯ ಸಾಲು ಮುಂದಿನಿಂದ 1ರಿಂದ 4, ಎಡಗಡೆಯದು 5ರಿಂದ 8.

ಬರೆದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ. ನಗು ಬಂದರೂ ಓದಿ.

ಹಂತ 6: ಅಳೆದು ಕತ್ತರಿಸುವುದು, ಟರ್ಮಿನಲ್ ಒತ್ತುವುದು

ಸುತಲಿಯ ಕೆಲಸ ಈಗ. ಕ್ಯಾಪಿನ ಗೂಡಿನಿಂದ ಹೊರಟು, ಮೂಲ ಬ್ರ್ಯಾಕೆಟ್‌ಗಳ ಮೂಲಕ ಹಾಯ್ದು ಪ್ಲಗ್ಗಿನ ತುದಿ ಮುಟ್ಟುವವರೆಗೆ ಸುತಲಿ ಹಾಸಿ. ಎಂಜಿನ್ ರಬ್ಬರಿನ ಮೇಲೆ ಅಲ್ಲಾಡುತ್ತದೆ, ಟೈಮಿಂಗಿಗೆ ಡಿಸ್ಟ್ರಿಬ್ಯೂಟರ್ ತುಸು ತಿರುಗಬೇಕು. ಅದಕ್ಕೆ ಎರಡು ಬೆರಳಗಲ ಹೆಚ್ಚು ಬಿಡಿ. ಅದಕ್ಕಿಂತ ಹೆಚ್ಚು ಬೇಡ. ಉದ್ದದ ವೈರ್ ಮೊದಲು ಕತ್ತರಿಸಿ. ಅಳತೆ ತಪ್ಪಿದರೆ ಆ ತುಂಡು ಗಿಡ್ಡ ವೈರಿಗಾದರೂ ಒದಗುತ್ತದೆ.

ಟರ್ಮಿನಲ್ ಒತ್ತುವ ಮೊದಲು ರಬ್ಬರ್ ಟೋಪಿಯನ್ನು ವೈರಿಗೆ ತೊಡಿಸಿ. ಇದನ್ನು ಮರೆತು ಟರ್ಮಿನಲ್ ಒತ್ತಿ, ಆಮೇಲೆ ಟೋಪಿ ಕೈಯಲ್ಲಿ ಹಿಡಿದು ನಿಲ್ಲದ ಮನುಷ್ಯನನ್ನು ನಾನು ಕಂಡಿಲ್ಲ. ಸಿಪ್ಪೆ ಸುಲಿಯುವಾಗ ಚಾಕುವನ್ನು ವೈರಿನ ಸುತ್ತ ಉರುಳಿಸಿ, ಒಳಗಿನ ತಾಮ್ರದ ಎಳೆ ಕೊಯ್ಯಬಾರದು. ಒಂದು ಸೆಂಟಿಮೀಟರಿನಷ್ಟು ಬರಿದಾದ ಎಳೆಗಳನ್ನು ಬಿಡಿಸಿ, ವೈರಿನ ಹೊರಮೈ ಮೇಲೆ ಹಿಂದಕ್ಕೆ ಮಡಚಿ, ಅವು ಟರ್ಮಿನಲ್ಲಿನ ತಗಡಿಗೆ ತಾಗುವಂತೆ ಒತ್ತಿ. ಕಾರ್ಬನ್ ನಾರಿನ ವೈರಿಗೂ ಇದೇ ಮಡಿಕೆ. ಒತ್ತಿದ ಮೇಲೆ ಜಗ್ಗಿ ನೋಡಿ.

ಪ್ರತಿ ವೈರಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿಯಿರಿ. ತಾಮ್ರದ್ದಾದರೆ ಹೆಚ್ಚುಕಡಿಮೆ ಸೊನ್ನೆ ಓಮ್ ತೋರಿಸಬೇಕು. ಕಾರ್ಬನ್ ನಾರಿನದು ಅಡಿಗೆ ಕೆಲವು ಸಾವಿರ ಓಮ್ ತೋರಿಸುತ್ತದೆ. ಇಲ್ಲಿ ಅಂಕಿಗಿಂತ ಹೋಲಿಕೆ ಮುಖ್ಯ. ಗಿಡ್ಡ ವೈರ್ ಉದ್ದದ್ದಕ್ಕಿಂತ ಹೆಚ್ಚು ತೋರಿಸಿದರೆ ಅದರ ಟರ್ಮಿನಲ್ ಸರಿಯಾಗಿ ಕೂತಿಲ್ಲ. ಮೀಟರ್ ಹಿಡಿದಿರುವಾಗಲೇ ವೈರನ್ನು ಅಲ್ಲಾಡಿಸಿ. ಅಂಕಿ ಕುಣಿದರೆ ಮತ್ತೆ ಮಾಡಿ.

ಹಂತ 7: ವೈರಿನ ದಾರಿ

ಈ ಹಂತಕ್ಕೆ ಉಳಿದವಕ್ಕಿಂತ ಹೆಚ್ಚು ಹೊತ್ತು ಕೊಡಿ. ಪ್ಲಗ್ ವೈರಿನಲ್ಲಿ ಹರಿಯುವುದು ಹತ್ತು-ಇಪ್ಪತ್ತು ಸಾವಿರ ವೋಲ್ಟ್. ಸಿಪ್ಪೆ ಗಟ್ಟಿಯಿದ್ದರೂ ಒಂದು ವೈರಿನ ಮಿಡಿತ ಪಕ್ಕದ ವೈರಿನಲ್ಲಿ ಸಣ್ಣ ಮಿಡಿತವನ್ನು ಎಬ್ಬಿಸುತ್ತದೆ. ಎರಡು ವೈರ್ ಮೈಗೆ ಮೈ ತಾಗಿಸಿ ಉದ್ದಕ್ಕೆ ಸಾಗಿದಷ್ಟೂ ಇದು ಹೆಚ್ಚು. ಆ ಪಕ್ಕದ ಸಿಲಿಂಡರಿನಲ್ಲಿ ಆಗ ಹೊಗೆ ಹೊರಹೋಗುತ್ತಿದ್ದರೆ ಏನೂ ಆಗುವುದಿಲ್ಲ. ಗಾಳಿ-ಪೆಟ್ರೋಲ್ ತುಂಬಿ ಅದುಮಿಸಿಕೊಳ್ಳುತ್ತಿದ್ದರೆ ಹೊತ್ತಿಗೆ ಮುಂಚೆಯೇ ಹೊತ್ತಿಕೊಳ್ಳುತ್ತದೆ.

ಹಾಗಾದರೆ ಯಾವ ಜೋಡಿಯನ್ನು ದೂರ ಇಡಬೇಕು? ಎಲ್ಲರೂ ಅಕ್ಕಪಕ್ಕದ ಪ್ಲಗ್‌ಗಳನ್ನು ನೋಡುತ್ತಾರೆ: 1 ಮತ್ತು 2, 3 ಮತ್ತು 4. ನೋಡಬೇಕಾದದ್ದು ಸರದಿಯಲ್ಲಿ ಒಂದರ ಹಿಂದೆ ಒಂದು ಬರುವ ಜೋಡಿಗಳನ್ನು: 1-5, 5-3, 3-6, 6-2, 2-4, 4-1. ಒಂದನೆಯದರಲ್ಲಿ ಕಿಡಿ ಹಾರುವಾಗ ಐದನೆಯದು ಆಗಲೇ ಅದುಮಲು ಶುರುಮಾಡಿರುತ್ತದೆ. ಎರಡನೆಯದು ಹೊಗೆ ಬಿಡುತ್ತಿರುತ್ತದೆ, ಅದಕ್ಕೆ ಕಿಡಿಯ ಗೊಡವೆ ಇಲ್ಲ. ಆದ್ದರಿಂದ ಮೂರು-ಮೂರು ವೈರಿನ ಎರಡು ಗುಂಪು ಮಾಡುವುದಾದರೆ 1, 2, 3 ಒಂದು ಕಡೆ, 4, 5, 6 ಇನ್ನೊಂದು ಕಡೆ ಹೋಗಲಿ. ಈ ಗುಂಪುಗಳೊಳಗೆ ಸರದಿಯಲ್ಲಿ ಒಂದರ ಹಿಂದೆ ಇನ್ನೊಂದು ಬರುವ ಜೋಡಿ ಒಂದೂ ಇಲ್ಲ. ಬೇಕಾದರೆ ಮೇಲಿನ ಪಟ್ಟಿಗೆ ಹೋಲಿಸಿ ನೋಡಿ. ಕ್ಯಾಪಿನ ಮೇಲೆ ಮಾತ್ರ ಸರದಿಯ ಜೋಡಿಗಳು ಪಕ್ಕಪಕ್ಕದಲ್ಲೇ ಕೂತಿರುತ್ತವೆ, ಅಲ್ಲಿ ಬೇರೆ ದಾರಿಯಿಲ್ಲ. ಗೂಡಿನಿಂದ ಹೊರಬಂದಕೂಡಲೇ ಅವುಗಳನ್ನು ಬೀಸಣಿಗೆಯಂತೆ ಬಿಡಿಸಿ.

ಫೋರ್ಡ್ ವಿ-8ರಲ್ಲಿ ಲೆಕ್ಕ ಬೇರೆ. ಅಲ್ಲಿ ಸರದಿ 2ರಲ್ಲಿ ಮುಗಿದು 1ರಲ್ಲಿ ಶುರುವಾಗುತ್ತದೆ, ಆ ಎರಡೂ ಒಂದೇ ಸಾಲಿನ ಅಕ್ಕಪಕ್ಕದ ಸಿಲಿಂಡರ್‌ಗಳು. ಅವೆರಡು ವೈರ್ ಒಟ್ಟಿಗೆ ಸಾಗುವ ಕಡೆ ನಡುವೆ ಅಂತರ ಬಿಡಿ. ದಾಟಲೇಬೇಕಾದರೆ ಕತ್ತರಿಯಂತೆ ಅಡ್ಡ ದಾಟಿಸಿ.

ಪ್ಲಾಸ್ಟಿಕ್ ಟೈಯಿಂದ ಬಿಗಿದ ಜಡೆಯನ್ನು ನಾನು ಯಾಕೆ ಬೈಯುತ್ತೇನೆ ಎಂಬುದು ಈಗ ಅರ್ಥವಾಗಿರಬೇಕು. ನೋಡಲು ಅಂದ, ಕೆಲಸಕ್ಕೆ ಕೇಡು. ಟೈ ಬಿಗಿದ ಕಡೆ ಸಿಪ್ಪೆ ತಗ್ಗಾಗಿ, ಬೇಸಿಗೆಯಲ್ಲಿ ಮೆತ್ತಗಾಗಿ, ಕೊನೆಗೆ ಅಲ್ಲಿಯೇ ಬಿರಿಯುತ್ತದೆ. ಬ್ರ್ಯಾಕೆಟ್ ಕಳೆದುಹೋಗಿದ್ದರೆ ತಗಡಿನ ಪಟ್ಟಿಗೆ ಬೇಕಾದಷ್ಟು ತೂತು ಕೊರೆದು, ಪ್ರತಿ ತೂತಿಗೆ ರಬ್ಬರ್ ಗ್ರೋಮೆಟ್ ಹಾಕಿ, ಹೆಡ್ಡಿನ ಯಾವುದಾದರೂ ಕವರ್ ಬೋಲ್ಟಿಗೆ ಬಿಗಿಯಿರಿ. ಗ್ರೋಮೆಟ್ ಇಲ್ಲದ ತಗಡಿನ ತೂತು ಚಾಕುವಿಗೆ ಸಮ.

ಇನ್ನು ಬಿಸಿ ಮತ್ತು ಚಲನೆ. ಷೆವ್ರೊಲೆ ಆರರಲ್ಲಿ ಪ್ಲಗ್ ಒಂದು ಬದಿಗೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇನ್ನೊಂದು ಬದಿಗೆ ಇರುವುದರಿಂದ ನೀವು ಪುಣ್ಯವಂತರು. ಬೇರೆ ಎಂಜಿನ್ನಿನವರು ಮ್ಯಾನಿಫೋಲ್ಡಿನಿಂದ ಕನಿಷ್ಠ ನಾಲ್ಕು ಬೆರಳಗಲ ದೂರ ಇಡಿ. ಆಕ್ಸಿಲರೇಟರ್ ಸರಳನ್ನು ಪೂರ್ತಿ ಒತ್ತಿಸಿ, ಫ್ಯಾನ್ ತಿರುಗಿಸಿ, ಬಾನೆಟ್ ಮುಚ್ಚಿ ತೆರೆದು ನೋಡಿ. ಯಾವುದೂ ವೈರಿಗೆ ಸೋಕಬಾರದು. ವೈರ್ ಬ್ಲಾಕಿನ ಬರಿ ಲೋಹದ ಮೇಲೆ ಮಲಗಬಾರದು. ಬಾಗು ಬಳಸು ದುಂಡಗಿರಲಿ, ಮಡಿಕೆ ಬೀಳಬಾರದು. ಕಿಡಿಯ ವೋಲ್ಟ್ ಹುಟ್ಟಿಸುವ ಕಾಯಿಲಿನಿಂದ ಕ್ಯಾಪಿನ ನಡುವಿಗೆ ಬರುವ ವೈರ್ ಆರೂ ಸಿಲಿಂಡರಿನ ಕಿಡಿಯನ್ನು ಹೊತ್ತು ತರುತ್ತದೆ. ಅದು ಒಂಟಿಯಾಗಿಯೇ ಬರಲಿ.

ಹಂತ 8: ಕೂಡಿಸುವುದು

ಪ್ಲಗ್ ಹಾಕಿ. ಕ್ಯಾಪಿನ 1ನೇ ಗೂಡಿನಿಂದ ಶುರುಮಾಡಿ ಸರದಿಯಲ್ಲೇ ಒಂದೊಂದನ್ನು ಕೂಡಿಸಿ, 1, 2, 3 ಎಂದು ಸಿಲಿಂಡರ್ ಲೆಕ್ಕದಲ್ಲಿ ಹಾರಬೇಡಿ. ಟೋಪಿಯ ಒಳ ಅಂಚಿಗೆ ಸಿಲಿಕಾನ್ ಗ್ರೀಸ್ ತೆಳುವಾಗಿ ಸವರಿ, ಟರ್ಮಿನಲ್ಲಿಗೆ ಬೇಡ.

ವೈರನ್ನು ಗೂಡಿಗೆ ಒತ್ತಿದಾಗ ತಳ ಮುಟ್ಟಿದ ಸಣ್ಣ ಟಕ್ ಬೆರಳಿಗೆ ತಿಳಿಯಬೇಕು. ಒತ್ತಿ ಬಿಟ್ಟ ಮೇಲೆ ವೈರ್ ಮೆಲ್ಲಗೆ ತಾನಾಗಿ ಮೇಲೇಳುವುದನ್ನು ನೋಡಿದ್ದೀರಾ? ಟೋಪಿಯೊಳಗೆ ಸಿಕ್ಕಿಕೊಂಡ ಗಾಳಿ ಅದನ್ನು ಎತ್ತುತ್ತಿರುತ್ತದೆ. ಟೋಪಿಯ ಅಂಚನ್ನು ಉಗುರಿನಿಂದ ತುಸು ಎತ್ತಿ ಹಿಡಿದು ಒತ್ತಿ. ಗಾಳಿ ಉಸ್ಸೆಂದು ಹೊರಹೋಗುತ್ತದೆ, ವೈರ್ ಕೂತಲ್ಲಿ ಕೂರುತ್ತದೆ. ಅರ್ಧ ಕೂತ ವೈರ್ ಕೂಡ ಕಿಡಿ ಕೊಡುತ್ತದೆ. ಆದರೆ ಆ ಸಂದಿಯಲ್ಲಿ ಕಿಡಿ ಹಾರಿ ಹಾರಿ ಕ್ಯಾಪನ್ನು ಸುಡುತ್ತದೆ.

ಕಾಯಿಲಿನ ಸಣ್ಣ ತಂತಿಗಳನ್ನೂ ನೋಡಿಕೊಳ್ಳಿ. ಷೆವ್ರೊಲೆಯಲ್ಲಿ ಬ್ಯಾಟರಿಯ ಋಣ ತುದಿ ಅರ್ಥ್, ಆದ್ದರಿಂದ ಕಾಯಿಲಿನ ಋಣ ತುದಿ ಡಿಸ್ಟ್ರಿಬ್ಯೂಟರಿಗೆ. ಆರು ವೋಲ್ಟಿನ ಡಾಜ್, ಫೋರ್ಡ್‌ಗಳಲ್ಲಿ ಧನ ತುದಿ ಅರ್ಥ್, ಅಲ್ಲಿ ಕಾಯಿಲಿನ ಧನ ತುದಿ ಡಿಸ್ಟ್ರಿಬ್ಯೂಟರಿಗೆ. ಉಲ್ಟಾ ಆದರೂ ಎಂಜಿನ್ ಏಳುತ್ತದೆ. ಕಿಡಿ ಸಪ್ಪೆಯಾಗಿ, ಭಾರ ಬಿದ್ದಾಗ ಮಿಸ್ ಹೊಡೆಯುತ್ತದೆ, ಜನ ವೈರನ್ನು ಬೈಯುತ್ತಾರೆ.

ಹಂತ 9: ಕತ್ತಲೆಯ ಪರೀಕ್ಷೆ, ಏರಿನ ಪರೀಕ್ಷೆ

ಎಂಜಿನ್ ಎದ್ದು ಬಿಸಿಯಾದ ಮೇಲೆ ಶೆಡ್ಡಿನ ದೀಪ ಆರಿಸಿ, ಬಾನೆಟ್ ಎತ್ತಿ ಎರಡು ನಿಮಿಷ ಕಣ್ಣು ಹೊಂದಲು ಬಿಡಿ. ಕಿಡಿ ಸೋರುತ್ತಿದ್ದರೆ ವೈರಿನ ಮೇಲೆ ನೀಲಿ ಮಿಣುಕು ಕಾಣುತ್ತದೆ, ಟಿಕ್ ಟಿಕ್ ಸದ್ದು ಕೇಳುತ್ತದೆ. ಒಣಗಿದ್ದಾಗ ಏನೂ ಕಾಣದಿದ್ದರೆ ಗಿಡಕ್ಕೆ ನೀರು ಚಿಮುಕಿಸುವ ಸಣ್ಣ ಪಂಪಿನಿಂದ ವೈರ್ ಮೇಲೆ ಮಂಜಿನಷ್ಟು ತೇವ ಹಾಕಿ. ಧಾರವಾಡದ ಜುಲೈ ತಿಂಗಳ ಜಿಟಿಜಿಟಿ ಮಳೆ ಮಾಡುವುದೂ ಇದನ್ನೇ. ಅದು ನಡುರಸ್ತೆಯಲ್ಲಿ ಮಾಡುವ ಬದಲು ನೀವೇ ಶೆಡ್ಡಿನಲ್ಲಿ ಮಾಡಿ ನೋಡಿದರೆ ಒಳ್ಳೆಯದು.

ಇದಕ್ಕೆ ಮುಂಚೆ ಪೆಟ್ರೋಲ್ ಎಲ್ಲಿಯೂ ಸೋರುತ್ತಿಲ್ಲ ಎಂಬುದನ್ನು ಖಚಿತ ಮಾಡಿಕೊಳ್ಳಿ. ಶೆಡ್ಡಿನ ಬಾಗಿಲು ತೆರೆದಿರಲಿ, ಹೊಗೆ ತುಂಬಬಾರದು. ಓಡುವ ಎಂಜಿನ್ನಿನ ವೈರ್ ಬರಿಗೈಯಲ್ಲಿ ಮುಟ್ಟಬೇಡಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಹತ್ತಿರ ನಿಲ್ಲಲೇಬಾರದು.

ಆಮೇಲೆ ರಸ್ತೆಗೆ. ಸಮತಟ್ಟಿನಲ್ಲಿ ಸುಮ್ಮನೆ ಓಡಿಸಿದರೆ ಏನೂ ತಿಳಿಯುವುದಿಲ್ಲ. ಭಾರ ಬಿದ್ದಾಗ ಸಿಲಿಂಡರಿನೊಳಗಿನ ಒತ್ತಡ ಹೆಚ್ಚಿ, ಪ್ಲಗ್ಗಿನ ಸಂದಿ ದಾಟಲು ಹೆಚ್ಚು ವೋಲ್ಟ್ ಬೇಕಾಗುತ್ತದೆ. ಆಗ ಕಿಡಿ ಸುಲಭದ ದಾರಿ ಹುಡುಕುತ್ತದೆ, ವೈರಿನ ಬಿರುಕು ಅದಕ್ಕೆ ಸಿಗುತ್ತದೆ. ಬೆಳಿಗ್ಗೆ ವಾಹನ ಸಂಚಾರ ಕಡಿಮೆ ಇರುವಾಗ ನವನಗರ ದಾಟಿ ರಾಯಾಪುರದ ಕಡೆಯಿಂದ ಧಾರವಾಡಕ್ಕೆ ಏರುವ ರಸ್ತೆಯಲ್ಲಿ ಮೇಲಿನ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿ. ಅಲ್ಲಿ ಮುಗ್ಗರಿಸದ ಎಂಜಿನ್ ಬೇರೆಡೆಯೂ ಮುಗ್ಗರಿಸುವುದಿಲ್ಲ.

ಲಕ್ಷಣ ನೋಡಿ ತಪ್ಪು ಹುಡುಕುವುದು

ಎಂಜಿನ್ ಏಳುವುದೇ ಇಲ್ಲ, ಕಾರ್ಬುರೇಟರಿನಿಂದ ಢಬ್ ಎನ್ನುತ್ತದೆ, ಸರದಿ ಮಾತ್ರ ಸರಿಯಿದೆ ಎಂದರೆ ಮೂರನೇ ಹಂತದಲ್ಲಿ ಹೊಗೆಯ ಸುತ್ತನ್ನು ಹಿಡಿದಿದ್ದೀರಿ. ಡಿಸ್ಟ್ರಿಬ್ಯೂಟರ್ ಎತ್ತಬೇಡಿ. ಕ್ಯಾಪಿನ ಮೇಲೆ ಪ್ರತಿ ವೈರನ್ನೂ ಮೂರು ಗೂಡು ಮುಂದಕ್ಕೆ ಹಾಕಿ. ಒಂದರ ಜಾಗಕ್ಕೆ ಆರು, ಐದರ ಜಾಗಕ್ಕೆ ಎರಡು, ಮೂರರ ಜಾಗಕ್ಕೆ ನಾಲ್ಕು ಬರುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಎರಡು ಗೂಡು.

ಸೆಲ್ಫ್ ಹೊಡೆದಾಗ ಒಮ್ಮೊಮ್ಮೆ ಎದ್ದಂತೆ ಮಾಡಿ ಒದರಾಡುತ್ತದೆ. ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿದರೆ 1 ಮತ್ತು 6ರದ್ದು ಮಾತ್ರ ಉರಿದಿವೆ, ಉಳಿದ ನಾಲ್ಕು ಪೆಟ್ರೋಲಿನಲ್ಲಿ ತೊಯ್ದಿವೆ. ಇದಕ್ಕೆ ಮದ್ದು ಹುಡುಕಬೇಕಾಗಿಯೇ ಇಲ್ಲ. ನೀವು ಸರದಿಯನ್ನು ರೋಟರಿನ ಎದುರು ದಿಕ್ಕಿಗೆ ಎಣಿಸಿದ್ದೀರಿ. ಉಲ್ಟಾ ಎಣಿಸಿದರೂ 1 ಮತ್ತು 6 ತಮ್ಮ ಜಾಗದಲ್ಲೇ ಉಳಿಯುತ್ತವೆ.

ಎಂಜಿನ್ ಓಡುತ್ತದೆ, ಆದರೆ ಇಡೀ ಲಾರಿ ಕುಣಿಯುತ್ತದೆ, ಎರಡು ಸಿಲಿಂಡರ್ ಸತ್ತಿವೆ ಎಂದರೆ ಎರಡು ವೈರ್ ಅದಲುಬದಲಾಗಿವೆ. ಸಾಮಾನ್ಯವಾಗಿ ಕ್ಯಾಪಿನ ಅಕ್ಕಪಕ್ಕದವೇ ಆಗಿರುತ್ತವೆ. ಒಂದೇ ಸಿಲಿಂಡರ್ ಸತ್ತಿದ್ದರೆ ಆ ಪ್ಲಗ್ಗನ್ನು ಪಕ್ಕದ್ದರ ಜೊತೆ ಬದಲಿಸಿ ನೋಡಿ. ತೊಂದರೆ ಪ್ಲಗ್ ಜೊತೆ ಹೋದರೆ ಪ್ಲಗ್ಗಿನದು, ಅಲ್ಲೇ ಉಳಿದರೆ ವೈರಿನದು ಅಥವಾ ಗೂಡಿನದು. ಎಲೆಕ್ಟ್ರಾನಿಕ್ ಘಟಕ ಇರುವ ಎಂಜಿನ್ನಿನಲ್ಲಿ ಓಡುತ್ತಿರುವಾಗ ವೈರ್ ಕಿತ್ತು ಪರೀಕ್ಷೆ ಮಾಡಬೇಡಿ, ಘಟಕ ಸುಡಬಹುದು.

ಬೆಳಿಗ್ಗೆ ತೇವ ಇದ್ದಾಗ ಮಿಸ್, ಬಿಸಿಲೇರಿದ ಮೇಲೆ ಸರಿ ಎನ್ನುವವರು ಕ್ಯಾಪಿನ ಹೊರಮೈ ನೋಡಿ. ಎಣ್ಣೆಯ ಪಸೆಯ ಮೇಲೆ ಎರೆಯ ದೂಳು ಕೂತು, ಅದಕ್ಕೆ ತೇವ ಸೇರಿದರೆ ಕಿಡಿಗೆ ರಾಜರಸ್ತೆ. ಒಣ ಬಟ್ಟೆ ಸಾಕು. ಪೆಟ್ರೋಲಿನಿಂದ ಒರೆಸಿ ಕೂಡಲೇ ಸೆಲ್ಫ್ ಹೊಡೆಯುವ ಸಾಹಸ ಬೇಡ.

ಏರಿನಲ್ಲಿ ಎಂಜಿನ್ ಒಳಗೆ ಕಟಕಟ ಬಡಿತ ಕೇಳಿ, ಟೈಮಿಂಗ್ ಲೈಟ್ ಹಿಡಿದರೆ ಎಲ್ಲವೂ ಸರಿಯಿದ್ದರೆ ಏಳನೇ ಹಂತಕ್ಕೆ ಹಿಂದಿರುಗಿ. ಟೈ ಕತ್ತರಿಸಿ, ವೈರ್ ಬಿಡಿಸಿ, ಇನ್ನೊಮ್ಮೆ ಅದೇ ಏರು ಹತ್ತಿ. ಬಡಿತ ಹೋಗಿದ್ದರೆ ಕಾರಣ ಸಿಕ್ಕಿತು.

ನೂರು ಕಿಲೋಮೀಟರ್ ಓಡಿದ ಮೇಲೆ ಎಂಜಿನ್ ತಣ್ಣಗಿರುವಾಗ ಎಲ್ಲ ಟೋಪಿಗಳನ್ನೂ ಒಮ್ಮೆ ಒತ್ತಿ ನೋಡಿ, ಗ್ರೋಮೆಟ್ ಜಾರಿದ್ದರೆ ಕೂಡಿಸಿ. ಉಳಿದ ವೈರಿನಲ್ಲಿ ಆರರಲ್ಲೇ ಅತಿ ಉದ್ದದ್ದರ ಅಳತೆಗೆ ಒಂದನ್ನು ಟರ್ಮಿನಲ್, ಟೋಪಿ ಸಮೇತ ಸಿದ್ಧಮಾಡಿ ಸೀಟಿನ ಕೆಳಗಿಡಿ. ದಾರಿಯಲ್ಲಿ ಯಾವ ವೈರ್ ಕೈಕೊಟ್ಟರೂ ಅದೊಂದೇ ಸಾಕಾಗುತ್ತದೆ.